ನಂದಿಯಿಂದ ಸ್ಯಾನ್‌ಫ್ರಾನ್ಸಿಸ್ಕೊ ಎಷ್ಟು ದೂರ?

ನಂದಿ ಬೆಟ್ಟಕ್ಕೆ ನೀವು ಹೋಗಿಯೇ ಇರುತ್ತೀರಿ. ಶಾಲೆಯ ಪ್ರವಾಸದಲ್ಲೊ, ಮದುವೆಯಾದ ಹೊಸದರಲ್ಲೊ, ಇಲ್ಲವೆ ಊರಿಂದ ನೆಂಟರು ಬಂದಾಗ ಅವರಿಗೆ ತೋರಿಸಲಿಕ್ಕೊ. ಟಿಪ್ಪು ಡ್ರಾಪಿನ ಹತ್ತಿರ ನಿಂತು ಕೆಳಗೆ ಬಗ್ಗಿ ನೋಡಿ, ಎದೆ ಝಲ್ಲೆಂದು ಹಿಂದಕ್ಕೆ ಸರಿದಿರುತ್ತೀರಿ. ಕೋತಿಗೆ ಒಂದು ಪೊಟ್ಟಣ ಕಡಲೆಕಾಯಿ ಕಳೆದುಕೊಂಡಿರುತ್ತೀರಿ. ಅದೆಲ್ಲ ಸರಿ. ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಮಂಜು ಸರಿದ ಮೇಲೆ ದಕ್ಷಿಣಕ್ಕೆ, ದೇವನಹಳ್ಳಿಯ ಕಡೆಗೆ ಮುಖ ಮಾಡಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಬಯಲಿನ ಅಂಚಿನಿಂದ ಬೆಳ್ಳಗಿನದೊಂದು ಚುಕ್ಕೆ ಏಳುತ್ತದೆ, ಓರೆಯಾಗಿ ಮೇಲೇರುತ್ತದೆ, ಬಿಸಿಲಿಗೆ ಒಮ್ಮೆ ಮಿನುಗಿ ಮರೆಯಾಗುತ್ತದೆ. ಅದರ ಹಿಂದೆ ಇನ್ನೊಂದು.

ಮೊನ್ನೆ ಚಳಿಗಾಲದ ಒಂದು ಬೆಳಿಗ್ಗೆ ನಾನೂ ನಮ್ಮ ದೊಡ್ಡತ್ತಿಗೆಯೂ ಹಾಗೆ ನಿಂತಿದ್ದೆವು. ಅತ್ತಿಗೆಯ ಮನೆ ಬೆಟ್ಟದ ಬುಡದಲ್ಲೇ, ನಂದಿ ಗ್ರಾಮದಲ್ಲಿ. ಮದುವೆಯಾಗಿ ಆ ಊರಿಗೆ ಬಂದು ನಲವತ್ತು ವರ್ಷವಾದರೂ ಬೆಟ್ಟ ಹತ್ತಿದ್ದು ಬೆರಳೆಣಿಕೆಯಷ್ಟು ಸಲ. ಬುಡದಲ್ಲಿರುವವರಿಗೆ ಬೆಟ್ಟ ಯಾವಾಗಲೂ ನಾಳೆ ನೋಡುವ ವಸ್ತು ತಾನೆ! ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ ಅತ್ತಿಗೆ ಕೈಗಡಿಯಾರ ನೋಡಿದರು. ಎಂಟು ಗಂಟೆ. "ಅಲ್ಲಿ ಈಗ ನಿನ್ನೆ ಸಂಜೆ ಆರೂವರೆ. ಮಗೂಗೆ ಅನ್ನ ಕಲಸ್ತಿರ್ತಾಳೆ," ಅಂದರು. ಎಷ್ಟು ಸಹಜವಾಗಿ ಅಂದರೆಂದರೆ, 'ಅಲ್ಲಿ' ಅಂದರೆ ಪಕ್ಕದ ಬೀದಿ ಇರಬೇಕು ಅಂದುಕೊಳ್ಳಬೇಕು. ಅಲ್ಲಿ ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್‌ಫ್ರಾನ್ಸಿಸ್ಕೊ ಪಟ್ಟಣದ ಹತ್ತಿರದ ಒಂದು ಊರು. ಅಣ್ಣನ ಒಬ್ಬಳೇ ಮಗಳು ಮದುವೆಯಾಗಿ ಹೋಗಿ ಸೇರಿದ್ದು ಅಲ್ಲಿಗೆ.

ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳೂ ಅಲ್ಲೇ ಎಲ್ಲೋ ಇದ್ದಾರೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಯಾವ ಬೀದಿಗೆ ಹೋದರೂ ಒಂದು ಮನೆಯಲ್ಲಾದರೂ "ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ" ಅನ್ನುತ್ತಾರೆ. ಅದಕ್ಕೇ ಈ ದೂರದ ವಿಚಾರ ನಿಮ್ಮ ಹತ್ತಿರ ಹೇಳಬೇಕೆನಿಸಿತು. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಕೇಳಿದರೆ ಶಾಲೆಯ ಹುಡುಗರೂ ಫೋನು ಒತ್ತಿ ಹೇಳುತ್ತಾರೆ. ಆ ಲೆಕ್ಕವನ್ನು ನಂಬಿ ನಮ್ಮ ಮನೆಯವರು ಒಮ್ಮೆ ಮೋಸ ಹೋದೆವು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ದೂರ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಆಕಾಶದ ದಾರಿಯಲ್ಲಿ ಹತ್ತಿರಹತ್ತಿರ 14,000 ಕಿಲೋಮೀಟರ್. ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತವೆ. ಭಾಗಿಸಿ ನೋಡಿ, ಹದಿನೈದೂವರೆ ಗಂಟೆಯಾಯಿತು. ಗಾಳಿ ಎದುರಾದರೆ ಹದಿನೇಳು.

ಎಲ್ಲೂ ಇಳಿಯದೆ ಇಷ್ಟು ದೂರ ಹಾರುವುದು ನಮ್ಮ ಬೆಂಗಳೂರಿಗೆ ಬಂದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ, 238 ಆಸನದ್ದು, ಆ ತಿಂಗಳ 9ನೇ ತಾರೀಖು ಶನಿವಾರ ರಾತ್ರಿ ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾರಿ, 11ನೇ ತಾರೀಖು ಸೋಮವಾರ ಇನ್ನೂ ಬೆಳಕು ಹರಿಯುವ ಮುಂಚೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಅದನ್ನು ನಡೆಸಿದವರು ಯಾರು ಗೊತ್ತೆ? ನಾಲ್ವರೂ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಅವರ ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಕಾರು ಕಲಿಯುತ್ತೇನೆ ಅಂದರೆ "ನಿನಗ್ಯಾಕೆ ಬಿಡು" ಅನ್ನುವ ಗಂಡಂದಿರಿಗೆ ಈ ನಾಲ್ಕು ಹೆಸರು ಓದಿ ಹೇಳಿ!

ಅದೇ ತಿಂಗಳು ನಮ್ಮ ಕಡೆಗೆ ಇನ್ನೊಂದು ಸೌಕರ್ಯ ಬಂತು. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲಿಲ್ಲ. ಯಲಹಂಕದಿಂದ ದೇವನಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರಕ್ಕೆ ಬರುವ ರೈಲುದಾರಿಯಲ್ಲಿ ವಿಮಾನ ನಿಲ್ದಾಣದ ಪಕ್ಕಕ್ಕೇ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ತೆರೆದರು. ನೂರು ವರ್ಷಕ್ಕೂ ಹಳೆಯ ದಾರಿ ಅದು. ಹಿಂದೆ ಪುಟ್ಟ ಹಳಿಯ ಗಾಡಿ ಬುಸುಗುಡುತ್ತಾ ಓಡಾಡುತ್ತಿದ್ದ ದಾರಿ. ಧ್ರುವದ ಮೇಲೆ ಹಾರುವ ವಿಮಾನ, ನಂದಿ ಹಾಲ್ಟಿನಲ್ಲಿ ನಿಲ್ಲುವ ರೈಲು, ಎರಡಕ್ಕೂ ಒಂದೇ ತಿಂಗಳಲ್ಲಿ ಗಂಟು ಬಿತ್ತು ನೋಡಿ. ನಿಜ ಹೇಳಬೇಕೆಂದರೆ ವಿಮಾನ ಹತ್ತುವುದಕ್ಕೆ ಜಯನಗರ ಬನಶಂಕರಿಯವರಿಗಿಂತ ನಾವೇ ಪುಣ್ಯವಂತರು. ಅವರು ಊರಿನ ಗಲಾಟೆಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದಿರುವಾಗ ನಂದಿಯವರು ಮುಕ್ಕಾಲು ಗಂಟೆಯಲ್ಲಿ ನಿಲ್ದಾಣದ ಬಾಗಿಲಲ್ಲಿರುತ್ತಾರೆ. ವಿಮಾನ ನಿಲ್ದಾಣ 2008ರ ಮೇ 24ರಂದು ಹಳೆಯ ಎಚ್.ಎ.ಎಲ್. ಬಿಟ್ಟು ದೇವನಹಳ್ಳಿಗೆ ಬಂದಾಗ "ಅಷ್ಟು ದೂರವೇ!" ಅಂತ ಬೆಂಗಳೂರಿನವರು ಗೊಣಗಿದರು. ಚಕೋತದ ತೋಟದ ಆ ಊರು ನಮಗೆ ಯಾವತ್ತೂ ದೂರ ಅನ್ನಿಸಿದ್ದಿಲ್ಲ.

ಇನ್ನು ಧ್ರುವದ ವಿಚಾರ. ಅತ್ತಿಗೆಗೆ ಇದು ಬಹಳ ದಿನ ತಲೆಗೆ ಹತ್ತಿರಲಿಲ್ಲ. "ಅಮೆರಿಕ ಇರೋದು ಪಶ್ಚಿಮಕ್ಕೆ, ಇವರ್ಯಾಕೆ ಉತ್ತರಕ್ಕೆ ಹೋಗಿ ಆ ಚಳಿಯಲ್ಲಿ ಸುತ್ತುತ್ತಾರೆ?" ಅನ್ನುತ್ತಿದ್ದರು. ಗೋಡೆಗೆ ಹಾಕುವ ನಕ್ಷೆ ನೋಡಿದರೆ ಹಾಗೇ ಅನಿಸುತ್ತದೆ. ನೀವು ಅಡಿಗೆಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ಒಂದು ಮೂಸಂಬಿ ತೆಗೆದುಕೊಳ್ಳಿ. ತೊಟ್ಟಿನ ಜಾಗ ಉತ್ತರ ಧ್ರುವ ಅಂತಿಟ್ಟುಕೊಳ್ಳಿ. ಹಣ್ಣಿನ ನಡುಮಟ್ಟಕ್ಕಿಂತ ಒಂದಿಷ್ಟು ಮೇಲೆ ಒಂದು ಕುಂಕುಮದ ಬೊಟ್ಟು ಇಡಿ, ಅದು ಬೆಂಗಳೂರು. ಹಣ್ಣು ತಿರುಗಿಸಿ, ಹೆಚ್ಚುಕಡಿಮೆ ಅದರ ಬೆನ್ನ ಹಿಂದೆ, ಇನ್ನೂ ಸ್ವಲ್ಪ ಮೇಲಕ್ಕೆ ಮತ್ತೊಂದು ಬೊಟ್ಟು. ಅದು ಸ್ಯಾನ್‌ಫ್ರಾನ್ಸಿಸ್ಕೊ. ಈಗ ಹೂ ಕಟ್ಟುವ ದಾರವನ್ನು ಒಂದು ಬೊಟ್ಟಿನಿಂದ ಇನ್ನೊಂದಕ್ಕೆ ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿ ಜಾರಿ ತೊಟ್ಟಿನ ಹತ್ತಿರವೇ ಹೋಗಿ ನಿಲ್ಲುತ್ತದೆ. ನಡು ಬಳಸಿ ಹಿಡಿದು ನೋಡಿ, ದಾರ ಹೆಚ್ಚು ಬೇಕಾಗುತ್ತದೆ. ಮೂಸಂಬಿಯ ಪಾಠವಾದ ಮೇಲೆ ಅತ್ತಿಗೆ "ಓಹೋ, ನೆತ್ತಿ ಮೇಲಿಂದ ಹೋದ್ರೆ ಹತ್ತಿರ" ಅಂದು ಹಣ್ಣು ಸುಲಿದು ತಿಂದರು.

ಹಾಗಂತ ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುತ್ತದೆ ಅನ್ನುವಂತಿಲ್ಲ. ಇದು ನನಗೆ ಬಹಳ ಸೋಜಿಗವೆನಿಸಿದ ಸಂಗತಿ. 2016ರ ಅಕ್ಟೋಬರಿನಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗುವ ಏರ್ ಇಂಡಿಯಾ ವಿಮಾನ ಅಟ್ಲಾಂಟಿಕ್ ಸಾಗರದ ಕಡೆ ಹೋಗುವುದನ್ನು ಬಿಟ್ಟು, ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ಸುಮಾರು 1,400 ಕಿಲೋಮೀಟರ್ ಹೆಚ್ಚು ದೂರ, ಒಟ್ಟು 15,300. ಆದರೆ ಮುಟ್ಟಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಮುಂಚಿಗಿಂತ ಬೇಗನೆ! ಕಾರಣ ಗಾಳಿ. ನೆಲದಿಂದ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ಸೆಳೆತ ಇನ್ನೂ ಜೋರು. ಹೊಳೆಯ ಜೊತೆ ಹೋದವನಿಗೆ ಅದು ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗೆ, ಎದುರು ಹೋದವನಿಗೆ ಎದೆಗೆ ಕೈ ಕೊಟ್ಟ ಹಾಗೆ. ಅದಕ್ಕೇ ಹೋಗುವ ಹೊತ್ತು ಬರುವ ಹೊತ್ತು ಒಂದೇ ಇರುವುದಿಲ್ಲ. ಇದಲ್ಲದೆ ದೇಶ ದೇಶಗಳ ಜಗಳ ಬೇರೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ದೇಶದ ವಿಮಾನಗಳಿಗೆ ಮುಚ್ಚಿತು, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳೆಲ್ಲ ಬಳಸಿ ಹೋಗಬೇಕಾಯಿತು.

ದೂರ ಆಯಿತು, ಗಾಳಿ ಆಯಿತು. ಗಡಿಯಾರ ಉಳಿಯಿತು. ನಮಗೂ ಸ್ಯಾನ್‌ಫ್ರಾನ್ಸಿಸ್ಕೊಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿಯವರು ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಬೆರಳು ಮಡಿಚಿ ಎಣಿಸಿ ಸಾಕಾಗಿ ಅತ್ತಿಗೆ ಒಂದು ಸುಲಭದ ಲೆಕ್ಕ ಕಂಡುಕೊಂಡಿದ್ದಾರೆ. ನಮ್ಮ ಗಡಿಯಾರ ನೋಡಿ, ಚಳಿಗಾಲವಾದರೆ ಒಂದೂವರೆ ಗಂಟೆ, ಬೇಸಿಗೆಯಾದರೆ ಅರ್ಧ ಗಂಟೆ ಕಳೆಯಿರಿ. ಆಮೇಲೆ ಬೆಳಿಗ್ಗೆಯನ್ನು ಸಂಜೆ ಮಾಡಿ, ಸಂಜೆಯನ್ನು ಬೆಳಿಗ್ಗೆ ಮಾಡಿ. ನಮ್ಮ ಬೆಳಿಗ್ಗೆ ಅಲ್ಲಿಯವರ ಹಿಂದಿನ ದಿನದ ಸಂಜೆ, ಅದನ್ನು ಮಾತ್ರ ಮರೆಯಬಾರದು. ಸೋಮವಾರ ಒಪ್ಪೊತ್ತಿಗೆ ಉಪವಾಸ ಇರುವವರು ಮಗಳಿಗೆ ಬೆಳಿಗ್ಗೆ ಫೋನು ಮಾಡಿ "ನೀನೂ ಏನೂ ತಿನ್ನಬೇಡ" ಅಂದರೆ ಅವಳಿಗಿನ್ನೂ ಭಾನುವಾರ!

ಈ ಲೆಕ್ಕದಲ್ಲಿ ವಿಚಿತ್ರಗಳು ನಡೆಯುತ್ತವೆ. ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಎರಡೂವರೆಗೆ ವಿಮಾನ ಏರಿ, ನಿಲ್ಲದೆ ಹದಿನಾರು ಗಂಟೆ ಹಾರಿ ಇಳಿದರೆ ಅಲ್ಲಿ ಅದೇ ಸೋಮವಾರ ಸಂಜೆ ಐದು ಗಂಟೆ. ಎರಡೂವರೆ ಗಂಟೆಯಲ್ಲಿ ಅಮೆರಿಕ ಮುಟ್ಟಿದ ಹಾಗಾಯಿತಲ್ಲವೆ? ಬರುವಾಗ ಬಡ್ಡಿ ಸಮೇತ ವಸೂಲಾಗುತ್ತದೆ. 2021ರಲ್ಲಿ ಶನಿವಾರ ರಾತ್ರಿ ಹತ್ತಿದವರು ಸೋಮವಾರ ಇಳಿದರು, ಅವರ ಭಾನುವಾರ ಆಕಾಶದಲ್ಲೇ ಕರಗಿಹೋಯಿತು.

ಇಲ್ಲಿವರೆಗೆ ತಮಾಷೆಯಾಗಿ ಹೇಳಿದೆ. ಈಗ ಹೇಳುವುದು ತಮಾಷೆಯದಲ್ಲ.

2024ರ ಜನವರಿ, ಸಂಕ್ರಾಂತಿ ಕಳೆದ ಮೇಲಿನ ಒಂದು ಮಂಗಳವಾರ. ಬೆಳಗಿನ ಜಾವ ಐದು ಗಂಟೆಗೆ ನಮ್ಮ ದೊಡ್ಡಣ್ಣ ಹೋಗಿಬಿಟ್ಟ. ರಾತ್ರಿ ಊಟ ಮಾಡಿ ಮಲಗಿದವನು. ಅಷ್ಟು ಹೊತ್ತಿನಲ್ಲಿ ಮಗಳಿಗೆ ಫೋನು ಹೋಯಿತು. ಅವಳಿಗೆ ಅದು ಸೋಮವಾರ ಮಧ್ಯಾಹ್ನ ಮೂರೂಮುಕ್ಕಾಲು, ಕೆಲಸದ ಜಾಗದಲ್ಲಿದ್ದಳು. "ಬರ್ತೀನಿ, ನಾನು ಬರೋವರೆಗೂ ಅಪ್ಪನ್ನ ಇಟ್ಕೊಂಡಿರಿ" ಅನ್ನುವುದೊಂದು ಬಿಟ್ಟು ಆ ಹುಡುಗಿಯ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಅಳಿಯಂದಿರು ಟಿಕೆಟ್ಟಿಗೆ ಓಡಾಡಿದರು. ನೇರ ವಿಮಾನ ಆಗ ಇತ್ತು, ದಿನವೂ ಇರಲಿಲ್ಲ. ಆ ದಿನ ಇರಲಿಲ್ಲ. ಯೂರೋಪಿನ ಒಂದು ಊರಿನಲ್ಲಿ ಇಳಿದು ಹತ್ತುವ ಟಿಕೆಟ್ಟು ಸಿಕ್ಕಿತು. ಅಲ್ಲಿಯ ಸೋಮವಾರ ರಾತ್ರಿ ಹತ್ತಕ್ಕೆ, ಅಂದರೆ ನಮ್ಮ ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ, ಹೊರಡುತ್ತಾಳೆ ಅಂತ ಸುದ್ದಿ ಬಂತು.

ಮನೆ ತುಂಬ ಜನ. ಎಲ್ಲರೂ ಕೇಳುವುದು ಒಂದೇ: "ಮಗಳು ಎಷ್ಟು ಹೊತ್ತಿಗೆ ಬರ್ತಾಳೆ?" ನಮ್ಮ ಚಿಕ್ಕಣ್ಣನ ಮಗ ಓದಿದ ಹುಡುಗ, ಬುದ್ಧಿವಂತ. ಗಡಿಯಾರದ ಲೆಕ್ಕವನ್ನು ಅವನು ಸರಿಯಾಗಿಯೇ ಹಾಕಿದ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹದಿನೇಳು ಗಂಟೆ ಅಂತ ಪತ್ರಿಕೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿತ್ತು. ಹನ್ನೊಂದೂವರೆಗೆ ಹದಿನೇಳು ಸೇರಿಸಿದರೆ ಬುಧವಾರ ಬೆಳಗಿನ ಜಾವ ನಾಲ್ಕೂವರೆ. "ಆರು ಗಂಟೆಗೆಲ್ಲ ಮನೆಗೆ ಬಂದುಬಿಡ್ತಾಳೆ," ಅಂದ. ಹಿರಿಯರು ಬುಧವಾರ ಬೆಳಿಗ್ಗೆ ಎಂಟಕ್ಕೆ ಅಂತ ನಿಶ್ಚಯ ಮಾಡಿದರು. ಚಿಕ್ಕಬಳ್ಳಾಪುರದಿಂದ ಐಸಿನ ಪೆಟ್ಟಿಗೆ ಬಂತು. ನೆಂಟರಿಷ್ಟರಿಗೆಲ್ಲ ಎಂಟು ಗಂಟೆ ಅಂತಲೇ ಫೋನು ಹೋಯಿತು.

ಆರು ಗಂಟೆ ಆಯಿತು, ಏಳಾಯಿತು. ಮಗಳ ಫೋನು ಹತ್ತುತ್ತಿಲ್ಲ. ಎಂಟಕ್ಕೆ ಜನವೆಲ್ಲ ಬಂದು ನಿಂತರು. ಮಂಜು ಬಿದ್ದಿದೆ, ವಿಮಾನ ತಡವಾಗಿರಬೇಕು ಅಂತ ಒಬ್ಬರು ಅಂದರು. ಜನವರಿಯ ಮಂಜಿಗೆ ದೇವನಹಳ್ಳಿಯಲ್ಲಿ ವಿಮಾನಗಳು ತಡವಾಗುವುದು ಉಂಟು, ನಂಬಿದೆವು. ಒಂಬತ್ತು, ಹತ್ತು. ದೂರದಿಂದ ಬಂದವರು ಮುದುಕರು, ಎಳೆಮಕ್ಕಳ ತಾಯಂದಿರು, ನೀರೂ ಮುಟ್ಟದೆ ಕೂತಿದ್ದರು. ಬರುವ ಹೊತ್ತು ಗೊತ್ತಿಲ್ಲದೆ ಎಷ್ಟು ಅಂತ ಕಾಯುವುದು, ಇಂದು ಸಂಜೆಯೂ ಬಾರದಿದ್ದರೆ ಅಂತ ಮಾತು ಬಂತು. ಅತ್ತಿಗೆಯನ್ನು ಕೇಳಿದರು. ಅತ್ತಿಗೆ ಗೋಡೆಯ ಗಡಿಯಾರ ನೋಡುತ್ತಿದ್ದರೇ ಹೊರತು ಉತ್ತರ ಕೊಡಲಿಲ್ಲ. ಹನ್ನೊಂದು ಗಂಟೆಗೆ ಎತ್ತಿದರು.

ಮಗಳು ಮನೆಯ ಮುಂದೆ ಕಾರಿನಿಂದ ಇಳಿದಾಗ ಮಧ್ಯಾಹ್ನ ಎರಡೂ ಕಾಲು.

ವಿಮಾನ ಒಂದು ನಿಮಿಷವೂ ತಡವಾಗಿರಲಿಲ್ಲ. ಮೊದಲ ಹಾರಾಟ ಹನ್ನೊಂದು ಗಂಟೆ, ನಡುವೆ ಕಾದದ್ದು ನಾಲ್ಕು ಗಂಟೆ, ಎರಡನೆಯದು ಹತ್ತು ಗಂಟೆ. ಬುಧವಾರ ಹನ್ನೆರಡೂವರೆಗೆ ಇಳಿಯಬೇಕಿತ್ತು, ಹನ್ನೆರಡೂವರೆಗೇ ಇಳಿಯಿತು. ಪಾಸ್‌ಪೋರ್ಟ್ ತೋರಿಸಿ ಹೊರಗೆ ಬರಲು ಒಂದು ಗಂಟೆ, ಅಲ್ಲಿಂದ ನಂದಿಗೆ ಮುಕ್ಕಾಲು ಗಂಟೆ. ಆಕಾಶದಲ್ಲಿರುವಾಗ ಅವಳ ಫೋನು ಹೇಗೆ ಹತ್ತಬೇಕು? ಇದೆಲ್ಲ ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. ಮೂರನೆಯ ದಿನ, ಹಾಲುತುಪ್ಪದ ದಿನ, ಕೋಣೆಯ ಗೂಟಕ್ಕೆ ತೂಗುಹಾಕಿದ್ದ ಅಣ್ಣನ ಅಂಗಿಯನ್ನು ಅತ್ತಿಗೆ ತೆಗೆದರು. ಜೇಬಿನಲ್ಲಿ ಫೋನಿತ್ತು. ಅಳಿಯಂದಿರು ಯಾವತ್ತಿನ ರೂಢಿಯಂತೆ ಟಿಕೆಟ್ಟನ್ನು ಮಾವನವರ ಫೋನಿಗೇ ಕಳಿಸಿದ್ದರು. ಈ ಮನೆಯ ವಿಮಾನದ ಸಮಾಚಾರವೆಲ್ಲ ಯಾವಾಗಲೂ ಬರುತ್ತಿದ್ದದ್ದು ಆ ಫೋನಿಗೆ ತಾನೆ. ಗಾಬರಿಯಲ್ಲಿ ಬೆರಳು ತಾನಾಗಿ ಅಲ್ಲಿಗೇ ಹೋಗಿದೆ.

ಮಧ್ಯಾಹ್ನ ಎರಡು ಗಂಟೆಗೆ ಅಂತ ಮೊದಲೇ ಗೊತ್ತಿದ್ದರೆ ಮೂರಕ್ಕೆ ಇಟ್ಟುಕೊಳ್ಳಬಹುದಿತ್ತು, ಜನವೂ ಮೂರಕ್ಕೇ ಬರುತ್ತಿದ್ದರು. ಯಾರನ್ನು ಅನ್ನುವುದು? ಹದಿನೇಳು ಗಂಟೆ ಅನ್ನುವುದು ಸುಳ್ಳಲ್ಲ. ವಿಮಾನದ ಮಟ್ಟಿಗೆ ಅದು ನಿಜ, ಅದೂ ನಿಲ್ಲದೆ ಹಾರುವ ವಿಮಾನಕ್ಕೆ. ಹುಡುಗಿ ತನ್ನ ಮನೆಯ ಬಾಗಿಲು ಬಿಟ್ಟದ್ದು ಸೋಮವಾರ ಸಂಜೆ ಆರಕ್ಕೆ, ನಮ್ಮ ಬಾಗಿಲು ಮೆಟ್ಟಿದ್ದು ಬುಧವಾರ ಎರಡೂ ಕಾಲಿಗೆ. ಗಡಿಯಾರದ ಅಂತರ ಕಳೆದು ಎಣಿಸಿದರೆ ಮೂವತ್ತು ಮುಕ್ಕಾಲು ಗಂಟೆ.

ಆಮೇಲೆ ಅತ್ತಿಗೆ ಮಾಡಿದ ಮೊದಲ ಕೆಲಸ, ಅಣ್ಣನ ಫೋನನ್ನು ತಾವು ಇಟ್ಟುಕೊಂಡು ಅದನ್ನು ಉಪಯೋಗಿಸಲು ಕಲಿತದ್ದು. ಎರಡನೆಯದು, ಅಡಿಗೆಮನೆಯ ಗೋಡೆಗೆ ಇನ್ನೊಂದು ಗಡಿಯಾರ ತೂಗುಹಾಕಿದ್ದು. ಒಂದು ಇಲ್ಲಿಯದು, ಒಂದು ಅಲ್ಲಿಯದು. ಕ್ಯಾಲೆಂಡರಿನ ಪಕ್ಕಕ್ಕೆ ಒಂದು ಕಾಗದ ಅಂಟಿಸಿದ್ದಾರೆ. ಮಗಳ ಫೋನು, ಅಳಿಯನ ಫೋನು, ಅಲ್ಲಿಯ ನೆರೆಯವರೊಬ್ಬರ ಫೋನು. ಇಲ್ಲಿ ಟಿಕೆಟ್ಟಿನ ಸುದ್ದಿ ಯಾರ್ಯಾರಿಗೆ ಹೋಗಬೇಕು ಅನ್ನುವುದಕ್ಕೆ ಮೂವರ ಹೆಸರು. ಒಬ್ಬರದಲ್ಲ, ಮೂವರದು. ನಿಮ್ಮ ಮನೆಯಲ್ಲೂ ಅಂಥದೊಂದು ಕಾಗದ ಅಂಟಿಸಿ ಅಂತ ಕೇಳಿಕೊಳ್ಳುತ್ತೇನೆ. ಅಪಶಕುನ ಅಂದುಕೊಳ್ಳಬೇಡಿ. ಬಾಣಂತನಕ್ಕೂ ಅದೇ ಕಾಗದ ಬೇಕಾಗುತ್ತದೆ.

ಬೇಕಾಯಿತು ಕೂಡ. ಮರುವರ್ಷ ಮಗಳು ಬಸುರಿ ಎಂದು ಗೊತ್ತಾದಾಗ ಅತ್ತಿಗೆ ವೀಸಾಕ್ಕೆಂದು ಚೆನ್ನೈಗೆ ಹೋಗಿ ಬಂದು, 2025ರ ಜೂನಿನಲ್ಲಿ ಒಬ್ಬರೇ ಹೊರಟರು. ಕೋಲಾರ ದಾಟಿದರೆ ದಾರಿ ತಪ್ಪುತ್ತದೆ ಅನ್ನುತ್ತಿದ್ದ ಹೆಂಗಸು! ಹೊರಡುವ ಮುನ್ನಾದಿನ ಇಬ್ಬರೂ ಭೋಗನಂದೀಶ್ವರನ ಗುಡಿಗೆ ಹೋದೆವು. ಮಗಳೂ ಅಳಿಯನೂ ಮದುವೆಯಾದ ಮಾರನೆಯ ದಿನ ಬಂದು ಕೈಮುಗಿದದ್ದು ಅಲ್ಲಿಯೇ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಅತ್ತಿಗೆ ಸಾಮಾನಿನ ಪಟ್ಟಿ ಓದಿದರು. ಅದರಲ್ಲಿ ಅರ್ಧ ಹೊಡೆದುಹಾಕಬೇಕಾಯಿತು. ಕರಿಬೇವಿನ ಸೊಪ್ಪು ಅಮೆರಿಕದೊಳಗೆ ಬಿಡುವುದಿಲ್ಲ, ಅಲ್ಲಿಯ ಕಿತ್ತಳೆ ನಿಂಬೆ ತೋಟಗಳಿಗೆ ರೋಗ ಅಂಟುತ್ತದೆಂದು ಭಯ. ಹಸಿ ಹಣ್ಣು ತರಕಾರಿಯೂ ಹಾಗೆಯೇ. ಎಲ್ಲಕ್ಕಿಂತ ಆಶ್ಚರ್ಯ ಒಣಕೊಬ್ಬರಿಯದು. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ, ಅದನ್ನು ವಿಮಾನದ ಸಾಮಾನಿಗೆ ಹಾಕುವಂತಿಲ್ಲ. ಬಾಣಂತಿಗೆ ಕೊಬ್ಬರಿ ಇಲ್ಲದೆ ಅಂಟಿನುಂಡೆ ಹೇಗೆ ಅಂತ ಅತ್ತಿಗೆಗೆ ಪೇಚಾಟ. ಉಂಡೆ ಅಲ್ಲಿಗೆ ಹೋಗಿಯೇ ಕಟ್ಟುವುದೆಂದು ತೀರ್ಮಾನವಾಯಿತು. ಕೊಬ್ಬರಿ ಅಲ್ಲಿಯ ನಮ್ಮವರ ಅಂಗಡಿಗಳಲ್ಲಿ ಸಿಗುತ್ತದೆ. ಹುಳಿಪುಡಿ, ಮೆಣಸಿನಪುಡಿ, ಬಜೆಯ ಬೇರು ಮೊದಲಾದವನ್ನು ಬೇರೆಬೇರೆ ಕಟ್ಟಿ ಮೇಲೆ ಹೆಸರು ಬರೆದು ದೊಡ್ಡ ಪೆಟ್ಟಿಗೆಗೆ ಹಾಕಿದೆವು. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆಸುತ್ತಾರೆ. ದಿನವೂ ನುಂಗುವ ಮಾತ್ರೆ ಮಾತ್ರ ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇರಬೇಕು. ಸಕ್ಕರೆ ಕಾಯಿಲೆಯವರು ಔಷಧದ ಹೊತ್ತನ್ನು ಹೇಗೆ ಬದಲಿಸಿಕೊಳ್ಳಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಬೇಕು.

ಮಂಡಿ ನೋವಿದ್ದ ಕಾರಣ ಟಿಕೆಟ್ಟಿನ ಜೊತೆಗೇ ಗಾಲಿಕುರ್ಚಿ ಕೇಳಿದ್ದೆವು. ಇದು ನಾಚಿಕೆಪಡುವ ವಿಷಯವಲ್ಲ ಕಣ್ರೀ. ನಡುವೆ ಇಳಿಯುವ ನಿಲ್ದಾಣಗಳು ನಮ್ಮ ಊರಿಗಿಂತ ದೊಡ್ಡವು, ನಡೆದು ಸಾಕಾಗುವುದಷ್ಟೇ ಅಲ್ಲ, ದಾರಿಯೂ ತಿಳಿಯುವುದಿಲ್ಲ. ಕುರ್ಚಿ ತಳ್ಳುವವರು ಸರಿಯಾದ ಬಾಗಿಲಿಗೆ ತಾವೇ ಮುಟ್ಟಿಸುತ್ತಾರೆ. ಹಾರುವಾಗ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ಕಾಲು ಊದಿ ಚಪ್ಪಲಿ ಹತ್ತುವುದಿಲ್ಲ. ಒಳಗಿನ ಗಾಳಿ ಒಣಗಿದ್ದು, ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಬಚ್ಚಲಿಗೆ ಏಳಬೇಕಾಗುತ್ತದೆಂದು ನೀರು ಬಿಡುವ ಹೆಂಗಸರೇ ಹೆಚ್ಚು, ಅತ್ತಿಗೆಯೂ ಮೊದಲ ಹಾರಾಟದಲ್ಲಿ ಹಾಗೆಯೇ ಮಾಡಿ ತಲೆನೋವು ತಂದುಕೊಂಡರು.

ಪ್ರಯಾಣದ ಹೊತ್ತನ್ನು ಅವರು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ನನಗೆ ತೋರಿಸಿದರು. ಭಾನುವಾರ ರಾತ್ರಿ ಒಂಬತ್ತು, ಮನೆ ಬೀಗ. ಎರಡೂವರೆ, ವಿಮಾನ. ಮಧ್ಯಾಹ್ನ ಹನ್ನೆರಡೂವರೆ, ಇಳಿದದ್ದು. ನಾಲ್ಕು, ಎರಡನೆ ವಿಮಾನ. ಮಂಗಳವಾರ ಬೆಳಗಿನ ಜಾವ ಮೂರೂವರೆ, ಇಳಿದದ್ದು. ಆರು, ಮಗಳ ಮನೆ. ಎಲ್ಲವೂ ನಂದಿಯ ಗಡಿಯಾರದಲ್ಲಿ, ಏಕೆಂದರೆ ಕೈಗಡಿಯಾರ ತಿರುಗಿಸಲು ಅವರು ಒಪ್ಪಿರಲಿಲ್ಲ. ಕೆಳಗೆ ಗೆರೆ ಎಳೆದು ಮೊತ್ತ: 33 ಗಂಟೆ. ಅಲ್ಲಿಯ ಗಡಿಯಾರದಲ್ಲಿ ಆಗಿನ್ನೂ ಸೋಮವಾರ ಸಂಜೆ ಐದೂವರೆ, ಮಗಳು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳಂತೆ. ಬಸುರಿ ಹೆಂಗಸು ತಾಯಿಗೆ ಆರತಿ ಎತ್ತುವುದೇ ಅಂತ ಅತ್ತಿಗೆ ಬೈದರಂತೆ. ಆ ರಾತ್ರಿ ಇಬ್ಬರೂ ಅಣ್ಣನ ಮಾತು ಎತ್ತಿದರೋ ಇಲ್ಲವೋ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ನೀವು ಹೊರಡುವವರಿದ್ದರೆ ಇನ್ನೊಂದು ಮಾತು. ನಿಲ್ಲದೆ ಹಾರುವ ವಿಮಾನಗಳು ಒಂದು ವರ್ಷ ಇರುತ್ತವೆ, ಇನ್ನೊಂದು ವರ್ಷ ನಿಲ್ಲಿಸಿರುತ್ತಾರೆ. ಯಾರೋ ಹಿಂದೆ ಹೋಗಿಬಂದದ್ದನ್ನು ನಂಬದೆ ಟಿಕೆಟ್ ಕೊಳ್ಳುವ ದಿನ ವಿಚಾರಿಸಿ. ನಡುವೆ ಇಳಿದು ಹತ್ತುವುದಾದರೆ ಒಂದೂವರೆ ಗಂಟೆಯ ಬಿಡುವು ಸಾಲದು, ಮೂರು ಗಂಟೆಯಾದರೂ ಇರಲಿ. ಹಣ ಸ್ವಲ್ಪ ಕಡಮೆಯೆಂದು ಹದಿನೈದು ಗಂಟೆ ಕಾಯುವ ಟಿಕೆಟ್ಟನ್ನು ಮಕ್ಕಳು ತೆಗೆದರೆ, ಮುದುಕಿಯ ಸೊಂಟಕ್ಕೂ ಒಂದು ಬೆಲೆಯಿದೆಯೆಂದು ಧೈರ್ಯವಾಗಿ ಹೇಳಿ.

ಬೆಟ್ಟದಿಂದ ಇಳಿದು ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಜಗಲಿಯ ಮೇಲೆ ಕಾಯುತ್ತಿದ್ದಳು. ಮಗ ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟಿದ್ದಾನೆ, ಕೆಲಸ ಸಿಕ್ಕಿದೆ. ಸಂತೋಷಕ್ಕೆ ಬೆಲ್ಲದಚ್ಚು ತಂದಿದ್ದಳು, ಕಣ್ಣು ಮಾತ್ರ ಕೆಂಪಗಿತ್ತು. "ಅಕ್ಕಾ, ನಿಮಗೆ ಇದೆಲ್ಲ ಗೊತ್ತಲ್ಲ, ಸಿಡ್ನಿ ಎಷ್ಟು ದೂರ ಆಗುತ್ತೆ? ನೇರ ಹೋದ್ರೆ ಹನ್ನೆರಡು ಗಂಟೇನೂ ಇಲ್ಲ ಅಂತಾನೆ ಇವನು."

ಅತ್ತಿಗೆ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು, ಹಾಲಿನ ಪುಸ್ತಕ ಪೆನ್ಸಿಲು ಹಿಡಿದು ಬಂದು ಅವಳ ಪಕ್ಕದಲ್ಲಿ ಕೂತರು. "ವಿಮಾನದ್ದು ಆಮೇಲೆ ಹೇಳು. ಅಲ್ಲಿ ಇಳಿದ ಮೇಲೆ ಅವನ ಮನೆಗೆ ಎಷ್ಟು ಹೊತ್ತು?"